ಹೋಗುವವರಿಗೆ ಬೀಳ್ಕೊಡುಗೆ, ಬರುವವರಿಗೆ ಸ್ವಾಗತ: ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಬೀಳ್ಕೊಡುಗೆ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ವೇದಿಕೆ, ಮೈಕು, ನೆನಪಿನ ಕಾಣಿಕೆ. ಅವೆಲ್ಲ ಬೇಕು. ಆದರೆ ಕಾರ್ಯಕ್ರಮ ಮುಗಿದ ಮರುದಿನ ಹೊಸ ಶಿಕ್ಷಕರು ಐದನೇ ತರಗತಿಗೆ ಕಾಲಿಡುತ್ತಾರೆ. ಹಿಂದಿನ ಬೆಂಚಿನ ಹುಡುಗಿಗೆ ಬೋರ್ಡು ಸರಿಯಾಗಿ ಕಾಣುವುದಿಲ್ಲ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಭಿನ್ನರಾಶಿಯ ಪಾಠ ಯಾವ ಲೆಕ್ಕಕ್ಕೆ ನಿಂತಿದೆ, ಕಪಾಟಿನ ಎರಡನೇ ಬೀಗದ ಕೈ ಯಾರ ಹತ್ತಿರ ಇದೆ? ಹೋಗುವವರ ತಲೆಯಲ್ಲಿದ್ದದ್ದು ಅವರ ಜೊತೆಗೇ ಹೊರಟುಹೋದರೆ ನಷ್ಟ ಮಕ್ಕಳಿಗೆ. ಹಾಗಾಗಿ ಬೀಳ್ಕೊಡುಗೆಯನ್ನೂ ಸ್ವಾಗತವನ್ನೂ ಎರಡು ಸಮಾರಂಭ ಎಂದುಕೊಳ್ಳದೆ, ಒಂದೇ ಹಸ್ತಾಂತರದ ಎರಡು ತುದಿ ಎಂದು ಭಾವಿಸಿ ಕೆಲಸ ಶುರು ಮಾಡಿ.

ಮೊದಲ ಕೆಲಸ: ಜವಾಬ್ದಾರಿ ಮತ್ತು ದಿನಾಂಕ

ಯಾರಾದರೂ ಹೊರಡುವುದು ಖಚಿತವಾದ ದಿನವೇ ಒಬ್ಬರನ್ನು ಮುಖ್ಯ ಹೊಣೆಗಾರರನ್ನಾಗಿ ಮಾಡಿ, ಅವರ ಜೊತೆಗೆ ಇಬ್ಬರನ್ನು ಸೇರಿಸಿ. ಮೂವರು ಸಾಕು. ಏಳೆಂಟು ಜನರ ಸಮಿತಿ ಮಾಡಿದರೆ ಪ್ರತಿ ಕೆಲಸವನ್ನೂ ಇನ್ನೊಬ್ಬರು ಮಾಡಿರುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೂವರಲ್ಲಿ ಒಬ್ಬರು ಹಸ್ತಾಂತರದ ಕಡತ ನೋಡಿಕೊಳ್ಳಲಿ, ಒಬ್ಬರು ಸಮಾರಂಭ, ಇನ್ನೊಬ್ಬರು ಕಾಣಿಕೆ ಮತ್ತು ನೆನಪಿನ ಪುಸ್ತಕ. ಹೊರಡುವವರ ಆಪ್ತ ಸ್ನೇಹಿತರನ್ನೇ ಮುಖ್ಯ ಹೊಣೆಗಾರರನ್ನಾಗಿ ಮಾಡಬೇಡಿ. ಅವರಿಗೂ ಅದು ದುಃಖದ ಹೊತ್ತು. ಕುರ್ಚಿ ಎಣಿಸುತ್ತ ಓಡಾಡುವುದಕ್ಕಿಂತ ಪಕ್ಕದಲ್ಲಿ ಕೂತಿರುವುದು ಅವರಿಗೆ ಮುಖ್ಯ.

ನಿವೃತ್ತಿಯ ದಿನಾಂಕ ತಿಂಗಳುಗಳ ಮುಂಚೆಯೇ ಗೊತ್ತಿರುತ್ತದೆ. ಆರು ವಾರ ಮೊದಲು ಶುರು ಮಾಡಿದರೆ ನಿರಾಳ. ವರ್ಗಾವಣೆ, ರಾಜೀನಾಮೆಯಲ್ಲಿ ಅಷ್ಟು ಸಮಯ ಸಿಗುವುದಿಲ್ಲ. ನಾಲ್ಕೇ ದಿನ ಸಿಕ್ಕಿದರೆ ಏನನ್ನು ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಇರಲಿ: ಸಮಾರಂಭವನ್ನು ಚಿಕ್ಕದು ಮಾಡಿ, ಕಾಣಿಕೆಯನ್ನು ಆಮೇಲೆ ಕಳಿಸಿ, ಆದರೆ ಹಸ್ತಾಂತರದ ಕಡತವನ್ನೂ ಮಕ್ಕಳಿಗೆ ವಿಷಯ ತಿಳಿಸುವುದನ್ನೂ ಬಿಡಬೇಡಿ.

ಏನನ್ನೇ ನಿಗದಿ ಮಾಡುವ ಮೊದಲು ಹೊರಡುವವರನ್ನೇ ಕೇಳಿ. ಕೆಲವರಿಗೆ ತುಂಬಿದ ಸಭೆ ಇಷ್ಟ, ಕೆಲವರಿಗೆ ತಮ್ಮ ತರಗತಿಯ ಮಕ್ಕಳ ಜೊತೆ ಅರ್ಧ ಗಂಟೆ ಸಿಕ್ಕರೆ ಅದೇ ದೊಡ್ಡದು. ‘ನಿಮಗೆ ಯಾವುದು ಬೇಡ?’ ಎಂದು ಕೇಳುವುದು ಹೆಚ್ಚು ಉಪಯೋಗ. ಏನು ಬೇಕು ಎಂದರೆ ಸಂಕೋಚದಿಂದ ‘ಏನೂ ಬೇಡ’ ಎನ್ನುತ್ತಾರೆ; ಯಾವುದು ಬೇಡ ಎಂದರೆ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ.

ಸುದ್ದಿ ತಿಳಿಸುವ ಕ್ರಮ

ಸಿಬ್ಬಂದಿಗೆ ಮೊದಲು, ಆಮೇಲೆ ಮಕ್ಕಳಿಗೆ, ಆಮೇಲೆ ಪೋಷಕರಿಗೆ. ಈ ಮೂರೂ ಒಂದೇ ದಿನದಲ್ಲಿ ಮುಗಿಯಬೇಕು. ಬೆಳಿಗ್ಗೆ ಸಿಬ್ಬಂದಿ ಕೊಠಡಿಯಲ್ಲಿ ಹೇಳಿ, ಮಧ್ಯಾಹ್ನದ ನಂತರದ ಕೊನೆಯ ಅವಧಿಯಲ್ಲಿ ಮಕ್ಕಳಿಗೆ ಹೇಳಿ, ಶಾಲೆ ಬಿಡುವ ಹೊತ್ತಿಗೆ ಪೋಷಕರಿಗೆ ಪತ್ರವೋ ಸಂದೇಶವೋ ಹೋಗಲಿ. ನಡುವೆ ಒಂದು ರಾತ್ರಿ ಬಿಟ್ಟರೆ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ, ಹರಡುವಾಗ ಕಾರಣಗಳೂ ಹುಟ್ಟಿಕೊಳ್ಳುತ್ತವೆ.

ಮಕ್ಕಳಿಗೆ ಹೇಳಬೇಕಾದವರು ಆ ಶಿಕ್ಷಕರೇ. ಚಿಕ್ಕ ತರಗತಿಗಳಿಗೆ ಎರಡು ವಾರ ಮುಂಚೆ ಸಾಕು. ಅದಕ್ಕಿಂತ ಮೊದಲೇ ಹೇಳಿದರೆ ಪ್ರತಿದಿನ ‘ಇವತ್ತೇ ಹೋಗ್ತೀರಾ ಮಿಸ್?’ ಎಂದು ಕೇಳುತ್ತ ಕಳವಳಪಡುತ್ತಾರೆ. ಪ್ರೌಢಶಾಲೆಯ ಮಕ್ಕಳಿಗೆ ಒಂದು ತಿಂಗಳು ಮುಂಚೆ ಹೇಳಿ, ಏಕೆಂದರೆ ಅವರಿಗೆ ಪರೀಕ್ಷೆ, ಪ್ರಾಜೆಕ್ಟು, ಅರ್ಧಕ್ಕೆ ನಿಂತ ಪಾಠಗಳ ಚಿಂತೆ ಇರುತ್ತದೆ. ಮಾತು ಹೀಗಿರಲಿ: ‘ಈ ತಿಂಗಳ ಕೊನೆಯ ಶುಕ್ರವಾರ ಈ ಶಾಲೆಯಲ್ಲಿ ನನ್ನ ಕೊನೆಯ ದಿನ. ನಾನು ಬೇರೆ ಊರಿನ ಶಾಲೆಗೆ ಹೋಗುತ್ತಿದ್ದೇನೆ. ನೀವು ಏನೋ ತಪ್ಪು ಮಾಡಿದ್ದಕ್ಕೆ ಅಲ್ಲ. ಸೋಮವಾರದಿಂದ ನಿಮಗೆ ಗಣಿತ ಹೇಳಿಕೊಡುವವರು ಯಾರು ಎಂದು ಈಗ ಹೇಳುತ್ತೇನೆ.’ ಮೂರನೇ ವಾಕ್ಯವನ್ನು ಎಂದೂ ಬಿಡಬೇಡಿ. ಚಿಕ್ಕ ಮಕ್ಕಳು ತಾವು ಗಲಾಟೆ ಮಾಡಿದ್ದರಿಂದಲೇ ಟೀಚರ್ ಹೋಗುತ್ತಿದ್ದಾರೆ ಎಂದು ನಂಬುವುದು ಅಪರೂಪವಲ್ಲ, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವುದೂ ಇಲ್ಲ.

ಹೊಸಬರು ಯಾರೆಂದು ಇನ್ನೂ ನಿರ್ಧಾರವಾಗಿಲ್ಲದಿದ್ದರೆ, ಅಲ್ಲಿಯವರೆಗೆ ತರಗತಿಯನ್ನು ನೋಡಿಕೊಳ್ಳುವವರ ಹೆಸರನ್ನಾದರೂ ಹೇಳಿ. ಮಕ್ಕಳ ಅಳು ನೋಡಲಾರದೆ ‘ಆಗಾಗ ಬರ್ತಾ ಇರ್ತೀನಿ’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ದಿನಾಂಕ ಹೇಳಲು ಸಾಧ್ಯವಿದ್ದರೆ ಮಾತ್ರ ಆ ಮಾತು ಆಡಿ. ಮಕ್ಕಳು ನಿಜವಾಗಿಯೂ ಕಾಯುತ್ತಾರೆ.

ಹಸ್ತಾಂತರದ ಕಡತ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಇಲ್ಲಿಗೇ ಮೀಸಲಿಡಿ. ಸಾಮಾನ್ಯವಾಗಿ ‘ಚಾರ್ಜ್ ಕೊಡುವುದು’ ಎಂದರೆ ವಸ್ತುಗಳ ಪಟ್ಟಿಗೆ ಸಹಿ ಹಾಕುವುದು: ಬೀಗದ ಕೈ, ದಾಸ್ತಾನು ಪುಸ್ತಕ, ಗ್ರಂಥಾಲಯದ ಪುಸ್ತಕ, ಪ್ರಯೋಗಾಲಯದ ಸಾಮಾನು, ಕ್ರೀಡಾ ಸಾಮಗ್ರಿ, ಲ್ಯಾಪ್‌ಟಾಪ್. ಈ ಪಟ್ಟಿ ಇರಲೇಬೇಕು. ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಒಂದು ವಾರ ಮೊದಲೇ ಇಬ್ಬರು ನಿಂತು ಎಣಿಸಿ ಮುಗಿಸಿ. ಕೊನೆಯ ದಿನ ಎಣಿಸಲು ಕೂತರೆ, ಕಾಣೆಯಾದ ಎರಡು ಪುಸ್ತಕಗಳ ವಿಚಾರ ಬೀಳ್ಕೊಡುಗೆಯ ಹೊತ್ತಿನಲ್ಲಿ ಕಹಿಯಾಗಿ ಉಳಿಯುತ್ತದೆ.

ಆದರೆ ವಸ್ತುಗಳ ಪಟ್ಟಿಯಲ್ಲಿ ಪಾಠವೂ ಇಲ್ಲ, ಮಕ್ಕಳೂ ಇಲ್ಲ. ಅವುಗಳಿಗೆ ಬೇರೆ ಕಡತ ಬೇಕು. ಅದನ್ನು ಎರಡು ಭಾಗ ಮಾಡಿ.

ಮೊದಲ ಭಾಗ ಪಾಠದ್ದು. ಪ್ರತಿ ವಿಷಯಕ್ಕೂ ಪ್ರತಿ ತರಗತಿಗೂ ಒಂದೊಂದು ಪುಟ, ಅದಕ್ಕಿಂತ ಹೆಚ್ಚು ಬೇಡ. ಯಾವ ಪಾಠದ ಯಾವ ಪುಟದಲ್ಲಿ ನಿಂತಿದೆ. ಯಾವುದನ್ನು ಮುಗಿಸಿದ್ದರೂ ಮಕ್ಕಳಿಗೆ ಇನ್ನೂ ಗಟ್ಟಿಯಾಗಿಲ್ಲ. ಮುಂದಿನ ಎರಡು ವಾರಗಳ ಪಾಠ ಯೋಜನೆ. ತಿದ್ದದೆ ಉಳಿದ ಉತ್ತರ ಪತ್ರಿಕೆ ಅಥವಾ ನೋಟ್‌ಪುಸ್ತಕ ಎಷ್ಟು. ಅಂಕಗಳ ನಮೂದು ಎಲ್ಲಿವರೆಗೆ ಆಗಿದೆ. ಮಕ್ಕಳಿಗೆ ಏನಾದರೂ ಮಾತು ಕೊಟ್ಟಿದ್ದರೆ ಅದು. ಈ ಕೊನೆಯ ಅಂಶವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ‘ಮುಂದಿನ ತಿಂಗಳು ನಾಟಕ ಮಾಡಿಸ್ತೀನಿ ಅಂದಿದ್ರು’ ಎಂದು ಮಕ್ಕಳು ಹೊಸಬರ ಮುಂದೆ ಹೇಳಿದಾಗ, ಅವರಿಗೆ ಅದು ಗೊತ್ತಿದ್ದರೆ ಮೊದಲ ವಾರವೇ ವಿಶ್ವಾಸ ಬೆಳೆಯುತ್ತದೆ. ಹಾಗೆಯೇ, ಕಷ್ಟವಾದರೂ, ತಿದ್ದಬೇಕಾದ ಉತ್ತರ ಪತ್ರಿಕೆಗಳನ್ನು ಹೋಗುವವರೇ ತಿದ್ದಿ ಮುಗಿಸುವುದು ನ್ಯಾಯ. ಪಾಠ ಮಾಡಿದವರೊಬ್ಬರು, ಅಂಕ ಕೊಟ್ಟವರೊಬ್ಬರು ಆದರೆ ಮಕ್ಕಳು ಪ್ರಶ್ನೆ ಕೇಳಲು ಯಾರ ಹತ್ತಿರ ಹೋಗಬೇಕು?

ಎರಡನೇ ಭಾಗ ಮಕ್ಕಳದ್ದು. ಎಲ್ಲ ಮಕ್ಕಳ ಬಗ್ಗೆ ಪ್ರಬಂಧ ಬರೆಯಬೇಕಿಲ್ಲ. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಹೆಸರಿನ ಮೇಲೆ ಬೆರಳಾಡಿಸುತ್ತ ಹೋಗಿ. ಹೊಸಬರಿಗೆ ಮೊದಲ ದಿನವೇ ತಿಳಿದಿರಬೇಕಾದದ್ದು ಇದ್ದರೆ ಮಾತ್ರ ಒಂದು ಸಾಲು ಬರೆಯಿರಿ. ಕಣ್ಣು, ಕಿವಿಯ ತೊಂದರೆ, ಅಲರ್ಜಿ, ಆಸ್ತಮಾ, ಮೂರ್ಛೆ, ತೆಗೆದುಕೊಳ್ಳುವ ಔಷಧಿ, ಮಗುವನ್ನು ಕರೆದುಕೊಂಡು ಹೋಗಲು ಯಾರಿಗೆ ಅನುಮತಿ ಇದೆ ಯಾರಿಗೆ ಇಲ್ಲ, ಇತ್ತೀಚೆಗೆ ಮನೆಯಲ್ಲಿ ಸಾವುನೋವು. ಓದಿನ ವಿಷಯದಲ್ಲಿ ಏನು ಮಾಡಿದರೆ ಆ ಮಗುವಿಗೆ ಅನುಕೂಲವಾಗುತ್ತದೆ ಎಂಬುದನ್ನು ಬರೆಯಿರಿ, ಮಗು ಎಂಥದ್ದು ಎಂಬ ತೀರ್ಪನ್ನು ಬರೆಯಬೇಡಿ. ‘ತುಂಬಾ ತುಂಟ, ಗಮನ ಕೊಡಲ್ಲ’ ಎಂದು ಬರೆದರೆ ಹೊಸಬರು ಮೊದಲ ದಿನದಿಂದಲೇ ಆ ಮಗುವನ್ನು ಹಾಗೇ ನೋಡುತ್ತಾರೆ. ‘ಹತ್ತು ನಿಮಿಷಕ್ಕೊಮ್ಮೆ ಬೋರ್ಡ್ ಒರೆಸುವ ಕೆಲಸ ಕೊಟ್ಟರೆ ಕೂತು ಕೇಳುತ್ತಾನೆ’ ಎಂದು ಬರೆದರೆ ಅದೇ ಮಗುವಿಗೆ ದಾರಿ ಸಿಗುತ್ತದೆ.

ಈ ಎರಡನೇ ಭಾಗ ಗೋಪ್ಯ. ಮುಚ್ಚಿದ ಲಕೋಟೆಯಲ್ಲಿ ಮುಖ್ಯ ಶಿಕ್ಷಕರ ಮೂಲಕ ಹೋಗಲಿ. ತರಗತಿಯ ಮೇಜಿನ ಮೇಲೆ ಬಿಡುವುದು, ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಎರಡೂ ಕೂಡದು.

ಕಡತ ಕೊಟ್ಟರೆ ಮುಗಿಯಲಿಲ್ಲ. ಹೋಗುವವರೂ ಬರುವವರೂ ಒಂದು ಗಂಟೆ ಎದುರುಬದುರು ಕೂತು ಮಾತಾಡಲಿ. ಎರಡು ದಿನ ಇಬ್ಬರೂ ಒಟ್ಟಿಗೆ ಶಾಲೆಯಲ್ಲಿರುವಂತೆ ವ್ಯವಸ್ಥೆಯಾದರೆ ಇನ್ನೂ ಒಳ್ಳೆಯದು: ಮೊದಲ ದಿನ ಹಳಬರು ಪಾಠ ಮಾಡುತ್ತಾರೆ, ಹೊಸಬರು ಹಿಂದೆ ಕೂತು ನೋಡುತ್ತಾರೆ, ಮರುದಿನ ಅದಲುಬದಲು. ಭೇಟಿ ಸಾಧ್ಯವೇ ಇಲ್ಲದಿದ್ದರೆ ಫೋನಿನಲ್ಲಾದರೂ ಮಾತಾಡಲಿ. ಅದೂ ಆಗದಿದ್ದರೆ ಪಕ್ಕದ ವಿಭಾಗದ ಶಿಕ್ಷಕರು ಕಡತವನ್ನು ಮೊದಲು ಓದಿ, ಅರ್ಥವಾಗದ ಕಡೆ ಪ್ರಶ್ನೆ ಕೇಳಿ ಬರೆಸಿಕೊಳ್ಳಲಿ. ಬರೆದವರಿಗೆ ಸ್ಪಷ್ಟವಾಗಿ ಕಾಣುವ ಸಂಕ್ಷೇಪಗಳು ಓದುವವರಿಗೆ ಒಗಟಾಗಿರುತ್ತವೆ.

ಪಾಸ್‌ವರ್ಡ್, ಒಟಿಪಿ, ಗುಂಪುಗಳು

ಇಲ್ಲಿ ಎಡವುವ ಶಾಲೆಗಳು ಬಹಳ. ಅಂಕ ನಮೂದಿಸುವ ಜಾಲತಾಣಕ್ಕೋ ಶಾಲೆಯ ಇಮೇಲ್‌ಗೋ ಹೋಗುವವರ ಸ್ವಂತ ಮೊಬೈಲ್ ಸಂಖ್ಯೆ ಜೋಡಿಸಿರುತ್ತದೆ. ಪಾಸ್‌ವರ್ಡ್ ಬರೆದುಕೊಟ್ಟು ಹೋಗಿರುತ್ತಾರೆ, ಆದರೆ ತೆರೆಯಲು ಹೋದರೆ ಒಟಿಪಿ ಅವರ ಫೋನಿಗೇ ಹೋಗುತ್ತದೆ. ಅಂಕ ಕಳಿಸಲು ಕೊನೆಯ ದಿನ, ಅವರು ಪ್ರಯಾಣದಲ್ಲಿರುತ್ತಾರೆ. ಆದ್ದರಿಂದ ಪಾಸ್‌ವರ್ಡ್ ಬದಲಿಸುವುದಕ್ಕಿಂತ ಮೊದಲು ನೋಂದಾಯಿತ ಮೊಬೈಲ್ ಸಂಖ್ಯೆಯನ್ನೂ, ಖಾತೆ ಮರಳಿ ಪಡೆಯಲು ಕೊಟ್ಟ ಇಮೇಲನ್ನೂ ಬದಲಿಸಿ. ಅವರು ಎದುರಿಗೆ ಇರುವಾಗಲೇ ಬೇರೆ ಫೋನಿನಿಂದ ಒಮ್ಮೆ ಲಾಗಿನ್ ಆಗಿ ನೋಡಿ. ಆಮೇಲೆ ಹೊಸ ಪಾಸ್‌ವರ್ಡ್ ಹಾಕಿ.

ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಅವರೊಬ್ಬರೇ ಅಡ್ಮಿನ್ ಆಗಿದ್ದರೆ ಹೊಸಬರನ್ನು ಸೇರಿಸಿ ಅಡ್ಮಿನ್ ಮಾಡಿ, ಪೋಷಕರಿಗೆ ಎರಡು ಸಾಲಿನ ಪರಿಚಯ ಹಾಕಿ, ಆಮೇಲೆ ಗುಂಪಿನಿಂದ ಹೊರಬರಲಿ. ಸ್ವಂತ ಫೋನಿನಲ್ಲಿರುವ ಮಕ್ಕಳ ಫೋಟೊಗಳನ್ನು ಶಾಲೆಯ ಸಂಗ್ರಹಕ್ಕೆ ವರ್ಗಾಯಿಸಿ ಫೋನಿನಿಂದ ಅಳಿಸುವುದೂ ಇದೇ ಪಟ್ಟಿಯಲ್ಲಿರಲಿ.

ನೆನಪಿನ ಪುಸ್ತಕ

ಹಣ ಕೊಟ್ಟು ತರುವ ಯಾವ ಕಾಣಿಕೆಗಿಂತಲೂ ಮಕ್ಕಳು ಬರೆದ ಪುಸ್ತಕವನ್ನು ಶಿಕ್ಷಕರು ಹೆಚ್ಚು ಕಾಲ ಇಟ್ಟುಕೊಳ್ಳುತ್ತಾರೆ. ಮೂರು ವಾರ ಇದ್ದರೆ ನಿರಾಳ (ಎರಡೇ ವಾರ ಮುಂಚೆ ಸುದ್ದಿ ಹೇಳುವ ಚಿಕ್ಕ ತರಗತಿಗಳಲ್ಲಿ ಇದೇ ಕೆಲಸವನ್ನು ಆ ಸಮಯದೊಳಗೆ ಬೇಗ ಮುಗಿಸಿ): ಬರೆಸಲು ಒಂದು ವಾರ, ಬಾರದೇ ಉಳಿದವರಿಂದ ಬರೆಸಿ ಪರಿಶೀಲಿಸಲು ಒಂದು ವಾರ, ಸ್ಕ್ಯಾನು ಮತ್ತು ಹೊಲಿಗೆ ಅಥವಾ ಬೈಂಡಿಂಗಿಗೆ ಒಂದು ವಾರ.

ಎಲ್ಲರಿಗೂ ಒಂದೇ ಅಳತೆಯ ಹಾಳೆ ಕೊಡಿ. ಎ4 ಹಾಳೆಯನ್ನು ಅರ್ಧ ಮಾಡಿದ ಎ5, ಅಂದರೆ 148 × 210 ಮಿಲಿಮೀಟರ್, ಕೈಗೆ ಹಿಡಿಸುತ್ತದೆ. ಸಾಮಾನ್ಯ 70–80 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಹಾಳೆಯಲ್ಲಿ ಸ್ಕೆಚ್ ಪೆನ್ನಿನ ಬಣ್ಣ ಹಿಂದಕ್ಕೆ ಇಳಿಯುತ್ತದೆ. 120 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪದ್ದು ತನ್ನಿ. ಎಡಗಡೆ 2.5 ಸೆಂಟಿಮೀಟರ್ ಅಂಚನ್ನು ಪೆನ್ಸಿಲಿನಿಂದ ಗೆರೆ ಎಳೆದೇ ಕೊಡಿ, ಇಲ್ಲದಿದ್ದರೆ ಬೈಂಡಿಂಗಿನಲ್ಲಿ ಸಾಲುಗಳ ಮೊದಲ ಅಕ್ಷರಗಳು ನುಂಗಿಹೋಗುತ್ತವೆ. ಬರೆಯುವುದು ಕಪ್ಪು ಅಥವಾ ನೀಲಿ ಬಾಲ್‌ಪೆನ್ನಿನಲ್ಲಿ. ಪೆನ್ಸಿಲ್ ಬರಹ ಸ್ಕ್ಯಾನಿನಲ್ಲಿ ಮಸುಕು, ಜೆಲ್ ಪೆನ್ನಿನ ಶಾಯಿ ಒದ್ದೆ ಕೈ ತಾಗಿದರೆ ಹರಡುತ್ತದೆ. 40 ಮಕ್ಕಳ ತರಗತಿಗೆ 50 ಹಾಳೆ ಕತ್ತರಿಸಿಡಿ.

‘ಟೀಚರ್ ಬಗ್ಗೆ ಬರೆಯಿರಿ’ ಎಂದರೆ ನಲವತ್ತು ಮಕ್ಕಳೂ ‘ನಮ್ಮ ಟೀಚರ್ ತುಂಬಾ ಒಳ್ಳೆಯವರು, ಚೆನ್ನಾಗಿ ಪಾಠ ಮಾಡುತ್ತಿದ್ದರು’ ಎಂದೇ ಬರೆಯುತ್ತಾರೆ. ನಿರ್ದಿಷ್ಟವಾಗಿ ಕೇಳಿ. ಅವರು ಹೇಳಿಕೊಟ್ಟದ್ದರಲ್ಲಿ ನಿನಗೆ ಮೊದಲು ಬರದೇ ಇದ್ದು ಈಗ ಬರುವುದು ಯಾವುದು? ಅವರು ಪದೇ ಪದೇ ಹೇಳುತ್ತಿದ್ದ ಒಂದು ಮಾತು ಯಾವುದು? ತರಗತಿಯಲ್ಲಿ ಎಲ್ಲರೂ ನಕ್ಕ ಒಂದು ದಿನ? ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಇನ್ನೂ ಬರೆಯಲು ಬಾರದ ಮಕ್ಕಳು ಚಿತ್ರ ಬಿಡಿಸಲಿ. ಚಿತ್ರದಲ್ಲಿ ಏನಿದೆ ಎಂದು ಕೇಳಿ, ಮಗು ಹೇಳಿದ ಮಾತನ್ನೇ ಕೆಳಗೆ ಬರೆಯಿರಿ. ಕಾಗುಣಿತದ ತಪ್ಪು ತಿದ್ದಬೇಡಿ, ಆ ತಪ್ಪುಗಳನ್ನು ಆ ಶಿಕ್ಷಕರು ಅಕ್ಕರೆಯಿಂದ ಗುರುತಿಸುತ್ತಾರೆ.

ಬೈಂಡಿಂಗಿಗೆ ಕೊಡುವ ಮೊದಲು ಎರಡು ಕೆಲಸ. ಒಂದು, ಹಾಜರಿ ಪುಸ್ತಕದ ಪ್ರಕಾರ ಪ್ರತಿ ಹೆಸರಿಗೂ ಹಾಳೆ ಇದೆಯೇ ನೋಡಿ. ಒಂದು ವಾರ ರಜೆಯಲ್ಲಿದ್ದ ಮಗುವಿನ ಹಾಳೆ ತಪ್ಪಿಹೋದರೆ, ಪುಸ್ತಕ ತೆರೆದಾಗ ಆ ಮಗು ತನ್ನ ಪುಟವನ್ನೇ ಹುಡುಕುತ್ತದೆ. ಎರಡು, ಎಲ್ಲವನ್ನೂ ಒಬ್ಬ ದೊಡ್ಡವರು ಓದಿ. ನೋವಾಗುವ ಮಾತು, ಬೇರೆ ಮಗುವನ್ನು ಅಣಕಿಸುವ ಮಾತು, ಸಹಾಯ ಬೇಕು ಎಂದು ಸೂಚಿಸುವ ಮಾತು ಎಲ್ಲವೂ ಇಂಥ ಹಾಳೆಗಳಲ್ಲಿ ಬರಬಹುದು. ಕೊನೆಯದು ಕಂಡರೆ ಪುಸ್ತಕದ ಕೆಲಸ ಪಕ್ಕಕ್ಕಿಟ್ಟು ಅದೇ ದಿನ ಮುಖ್ಯ ಶಿಕ್ಷಕರಿಗೆ ತಿಳಿಸಿ.

ಫೋಟೊ ಸೇರಿಸುವುದಾದರೆ 4 × 6 ಇಂಚಿನ ಮುದ್ರಣಕ್ಕೆ 1200 × 1800 ಪಿಕ್ಸೆಲ್ ಇದ್ದರೆ ಸ್ಪಷ್ಟವಾಗಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಚಿಕ್ಕದಾಗಿ ಗುಣಮಟ್ಟ ಕಳೆದುಕೊಳ್ಳುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕಾಣಿಕೆ ಮತ್ತು ಹಣ

ಶಾಲೆಯ ಅಥವಾ ಇಲಾಖೆಯ ನಿಯಮದಲ್ಲಿ ಉಡುಗೊರೆಗೆ ಮಿತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಮಕ್ಕಳಿಂದ ಹಣ ಕೇಳಬೇಡಿ. ಸಿಬ್ಬಂದಿಯಿಂದ ಸೇರಿಸುವಾಗ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಬೇಡ. ಒಂದು ದೊಡ್ಡ ಲಕೋಟೆ ಸುತ್ತಲಿ, ಇಷ್ಟವಿದ್ದಷ್ಟು ಹಾಕಲಿ, ಹಾಕದೆಯೂ ಮುಂದಕ್ಕೆ ದಾಟಿಸಲಿ. ಶುಭಾಶಯ ಪತ್ರದಲ್ಲಿ ಮಾತ್ರ ಎಲ್ಲರ ಹೆಸರೂ ಇರಬೇಕು.

ವಸ್ತುವನ್ನು ಆರಿಸುವಾಗ ಅವರು ಅದನ್ನು ಹೊತ್ತು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿ. ಮನೆ ಬದಲಾಯಿಸುತ್ತಿರುವವರಿಗೆ ದೊಡ್ಡ ಗಾಜಿನ ಚೌಕಟ್ಟು ಭಾರವಷ್ಟೇ. ಕೆತ್ತಿಸುವ ಅಥವಾ ಮುದ್ರಿಸುವ ಕಾಣಿಕೆಯಾದರೆ ಹೆಸರನ್ನು ಅವರೇ ಬರೆಯುವಂತೆ ಬರೆಸಿ. ಶ, ಷ ವ್ಯತ್ಯಾಸ, ಇನಿಷಿಯಲ್ ಹೆಸರಿನ ಹಿಂದೆಯೋ ಮುಂದೆಯೋ, ಸೇವೆಗೆ ಸೇರಿದ ವರ್ಷ ಇವನ್ನು ನೆನಪಿನಿಂದ ಹೇಳಬೇಡಿ. ಕಚೇರಿಯ ದಾಖಲೆ ನೋಡಿ ಬರೆದುಕೊಡಿ. ಕೆತ್ತುವ ಮೊದಲು ಕರಡನ್ನು ಇಬ್ಬರು ಬೇರೆ ಬೇರೆಯಾಗಿ ಓದಲಿ. ಹಿತ್ತಾಳೆಯ ಮೇಲೆ ಕೂತ ತಪ್ಪನ್ನು ಅಳಿಸಲಾಗುವುದಿಲ್ಲ, ಆ ತಪ್ಪು ಅವರ ಮನೆಯ ಗೋಡೆಯ ಮೇಲೆ ಹಾಗೇ ಉಳಿಯುತ್ತದೆ.

ಬೀಳ್ಕೊಡುಗೆಯ ದಿನ

ಸಮಾರಂಭ ಕೊನೆಯ ದಿನಕ್ಕಿಂತ ಒಂದೆರಡು ದಿನ ಮುಂಚೆ ಇರಲಿ. ಕೊನೆಯ ದಿನ ಸಹಿ, ಲೆಕ್ಕ, ಕಡತಗಳ ಓಡಾಟವಿರುತ್ತದೆ, ಜೊತೆಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಮಾತಾಡಲು ಒಂದು ಶಾಂತ ದಿನ ಉಳಿಯಬೇಕು.

ಒಟ್ಟು 50 ನಿಮಿಷ ಸಾಕು. ಪ್ರಾಥಮಿಕ ತರಗತಿಯ ಮಕ್ಕಳು ನೆಲದ ಮೇಲೆ ಕೂತಿದ್ದರೆ 40ಕ್ಕೇ ನಿಲ್ಲಿಸಿ. ಒಬ್ಬರೇ ಹೊರಡುತ್ತಿರುವಾಗ ನಡೆಯುವ ಕ್ರಮ ಹೀಗಿಟ್ಟುಕೊಳ್ಳಬಹುದು: ಸ್ವಾಗತದ ಮಾತು 3 ನಿಮಿಷ, ಮಕ್ಕಳ ಹಾಡು 4, ಇಬ್ಬರು ಮಕ್ಕಳ ಮಾತು ತಲಾ 2, ಸಹೋದ್ಯೋಗಿಯ ಮಾತು 5, ಒಬ್ಬ ಪೋಷಕರು ಅಥವಾ ಹಳೆಯ ವಿದ್ಯಾರ್ಥಿ 3, ಬಿನ್ನವತ್ತಳೆ ಓದುವುದು 3, ಕಾಣಿಕೆ ಕೊಡುವುದು 3, ಹೊರಡುವವರ ಮಾತು 12, ಮುಖ್ಯ ಶಿಕ್ಷಕರು 4, ವಂದನಾರ್ಪಣೆ 2. ಕೂಡಿದರೆ 43, ಉಳಿದ 7 ನಿಮಿಷ ಎದ್ದು ಬರುವುದಕ್ಕೆ, ಮೈಕು ಸರಿಮಾಡುವುದಕ್ಕೆ, ಗಂಟಲು ಕಟ್ಟಿ ಮಾತು ನಿಂತಾಗ ಕಾಯುವುದಕ್ಕೆ. 40 ನಿಮಿಷಕ್ಕೆ ಇಳಿಸಬೇಕಾದರೆ ಪೋಷಕರ ಮಾತನ್ನೂ ಬಿನ್ನವತ್ತಳೆಯ ಓದನ್ನೂ ಕೈಬಿಟ್ಟು, ಸಹೋದ್ಯೋಗಿಯ ಮಾತನ್ನು ಒಂದು ನಿಮಿಷ ತಗ್ಗಿಸಿ; ಕಾರ್ಯಕ್ರಮ 36 ನಿಮಿಷಕ್ಕೆ ಇಳಿಯುತ್ತದೆ, ಉಳಿದ 4 ನಿಮಿಷ ಎದ್ದು ಬರುವುದಕ್ಕೆ, ಕಾಯುವುದಕ್ಕೆ. ಬಿನ್ನವತ್ತಳೆಯನ್ನು ಓದದೆಯೂ ಕೈಗೆ ಕೊಡಬಹುದು.

ಕಾರ್ಯಕ್ರಮ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣದಿಂದ: ‘ಬೇರೆ ಯಾರಾದರೂ ಎರಡು ಮಾತಾಡುವುದಿದ್ದರೆ ಬನ್ನಿ’ ಎಂದು ನಿರೂಪಕರು ವೇದಿಕೆ ತೆರೆದಿಡುವುದರಿಂದ. ಏಳು ಜನ ಬರುತ್ತಾರೆ, ಏಳೂ ಜನ ಒಂದೇ ಗುಣಗಳನ್ನು ಹೇಳುತ್ತಾರೆ, ಕೊನೆಗೆ ಹೊರಡುವವರಿಗೆ ಮೂರು ನಿಮಿಷ ಉಳಿಯುತ್ತದೆ. ಮಾತಾಡುವ ಆಸೆ ಇದ್ದವರಿಗೆ ನೆನಪಿನ ಪುಸ್ತಕದಲ್ಲಿ ಪುಟ ಕೊಡಿ. ಮಾತಾಡುವವರಿಗೆ ಒಂದು ವಾರ ಮೊದಲೇ ನಿಮಿಷ ತಿಳಿಸಿ, ವಿಷಯವನ್ನೂ ಹಂಚಿ: ಒಬ್ಬರು ತರಗತಿಯ ಕೆಲಸದ ಬಗ್ಗೆ, ಇನ್ನೊಬ್ಬರು ಸಿಬ್ಬಂದಿ ಕೊಠಡಿಯ ಒಡನಾಟದ ಬಗ್ಗೆ. ವೇದಿಕೆಯ ನಿಧಾನದಲ್ಲಿ ನಿಮಿಷಕ್ಕೆ 80ರಿಂದ 100 ಪದ ಎಂದು ಲೆಕ್ಕ ಹಿಡಿದರೆ, ಐದು ನಿಮಿಷಕ್ಕೆ 400ರಿಂದ 500 ಪದ ಬರೆದುಕೊಂಡರೆ ಸಾಕು.

ಮಾತಿನಲ್ಲಿ ಗುಣವಾಚಕಗಳನ್ನು ಪೇರಿಸುವುದಕ್ಕಿಂತ ಒಂದು ಘಟನೆ ಹೇಳಿ. ‘ಸರಳ, ಸಜ್ಜನ, ಶಿಸ್ತಿನ ಸಿಪಾಯಿ’ ಎಂಬ ಮಾತು ಯಾರಿಗೆ ಬೇಕಾದರೂ ಅಂಟುತ್ತದೆ. ‘ಪರೀಕ್ಷೆಯ ಹಿಂದಿನ ದಿನ ಸಂಜೆ ಎಷ್ಟೇ ಹೊತ್ತಾದರೂ ಕೊನೆಯ ಮಗುವಿನ ಪ್ರಶ್ನೆ ಮುಗಿಯುವವರೆಗೆ ಕೂತಿರುತ್ತಿದ್ದರು’ ಎಂಬುದು ಒಬ್ಬರದ್ದೇ. ವಯಸ್ಸು, ಆರೋಗ್ಯ, ಮದುವೆ, ಮಕ್ಕಳಿಲ್ಲದಿರುವುದು, ವರ್ಗಾವಣೆಯ ಹಿಂದಿನ ಕಾರಣ ಇವು ಮೈಕಿನ ಮುಂದೆ ಬರಬಾರದು. ಬಿನ್ನವತ್ತಳೆ ಒಂದು ಎ4 ಪುಟ ಮೀರದಿರಲಿ: ಸೇವೆಯ ವರ್ಷಗಳು, ಕೈಗೊಂಡ ಎರಡು ಮೂರು ಕೆಲಸಗಳು ಹೆಸರು ಸಮೇತ, ಹಾರೈಕೆ.

ಧ್ವನಿವರ್ಧಕವನ್ನು ಸಭೆಯ ಕಡೆ ಮುಖ ಮಾಡಿ, ಮೈಕಿಗಿಂತ ಮುಂದೆ ಇಡಿ. ಮೈಕು ಅದರ ಎದುರಿಗೆ ಬಂದರೆ ಧ್ವನಿ ಮತ್ತೆ ಮೈಕಿಗೇ ಸೇರಿ ಕಿರ್ರೆಂದು ಕೂಗುತ್ತದೆ. ಕೈಯಲ್ಲಿ ಹಿಡಿಯುವ ಮೈಕನ್ನು ಬಾಯಿಯಿಂದ ನಾಲ್ಕು ಬೆರಳಿನಷ್ಟು ದೂರ ಹಿಡಿಯಲು ಮಕ್ಕಳಿಗೆ ಹಿಂದಿನ ದಿನವೇ ಅಭ್ಯಾಸ ಮಾಡಿಸಿ. ಹೊಸ ಸೆಲ್ ಒಂದು ಜೊತೆ ಜೇಬಿನಲ್ಲಿರಲಿ. ಗುಂಪು ಫೋಟೊವನ್ನು ಸಮಾರಂಭಕ್ಕೆ ಮೊದಲೇ ತೆಗೆಯಿರಿ. ಮುಗಿದ ಮೇಲೆ ಅತ್ತ ಮುಖಗಳಿರುತ್ತವೆ, ಅರ್ಧ ಜನ ಹೊರಟಿರುತ್ತಾರೆ. ನೆರಳಿನ ಜಾಗ ಆರಿಸಿ. ಸೂರ್ಯ ಎದುರಿಗಿದ್ದರೆ ಎಲ್ಲರ ಕಣ್ಣೂ ಕಿರಿದು, ಬೆನ್ನ ಹಿಂದಿದ್ದರೆ ಮುಖವೆಲ್ಲ ಕಪ್ಪು.

ಒಂದೇ ದಿನ ಇಬ್ಬರು ಮೂವರು ಹೊರಡುತ್ತಿದ್ದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಮಾತುಗಾರರು, ಸಮಾನ ನಿಮಿಷ, ಒಂದೇ ಬೆಲೆಯ ಕಾಣಿಕೆ. ಮಾತುಗಾರರನ್ನು ತಲಾ ಒಬ್ಬರಿಗೆ ಇಳಿಸಿ, ಹೊರಡುವವರಿಗೆ ತಲಾ 8 ನಿಮಿಷ ಕೊಡಿ. ಜನಪ್ರಿಯ ಶಿಕ್ಷಕರ ಜೊತೆಗೆ ಹೊರಡುವ ಮೌನ ಸ್ವಭಾವದವರು ಚಪ್ಪಾಳೆಯ ಸದ್ದಿನಲ್ಲೇ ವ್ಯತ್ಯಾಸ ಗುರುತಿಸುತ್ತಾರೆ, ಅದನ್ನು ನೀವು ಸರಿಪಡಿಸಲಾರಿರಿ. ಆದರೆ ಹಾಡು, ಪುಸ್ತಕ, ಸಮಯ ಸಮನಾಗಿರುವುದು ನಿಮ್ಮ ಕೈಯಲ್ಲೇ ಇದೆ. ಹೆಸರು ಕರೆಯುವ ಕ್ರಮ ಸೇವಾವಧಿಯದ್ದೋ ಅಕ್ಷರದ್ದೋ ಎಂದು ನಿರೂಪಕರು ಮೊದಲೇ ಹೇಳಿಬಿಡಲಿ.

ಇದೇ ಮಾತು ಗುಮಾಸ್ತರು, ಅಡುಗೆಯವರು, ಸ್ವಚ್ಛತಾ ಸಿಬ್ಬಂದಿ, ಚಾಲಕರು, ಕಾವಲುಗಾರರಿಗೂ ಸಲ್ಲುತ್ತದೆ. ಒಂದು ವರ್ಷಕ್ಕೆಂದು ಬಂದ ಅತಿಥಿ ಶಿಕ್ಷಕರಿಗೂ. ವರ್ಷವಿಡೀ ಪಾಠ ಮಾಡಿದವರು ಒಂದು ಮಧ್ಯಾಹ್ನ ಸದ್ದಿಲ್ಲದೆ ಗೇಟು ದಾಟಿ ಹೋದರೆ ಮಕ್ಕಳು ಅದನ್ನೂ ನೋಡುತ್ತಾರೆ.

ಕಷ್ಟದ ನಿರ್ಗಮನಗಳು

ಅನಾರೋಗ್ಯದಿಂದ ಹಠಾತ್ತನೆ ಬಿಟ್ಟವರಿಗೆ ಪುಸ್ತಕವನ್ನೂ ಮಕ್ಕಳ ಹಾಡಿನ ಧ್ವನಿಮುದ್ರಣವನ್ನೂ ಮನೆಗೆ ಕಳಿಸಿ. ಭೇಟಿಗೆ ಒಪ್ಪಿಗೆ ಕೇಳಿ, ಒತ್ತಾಯಿಸಬೇಡಿ. ಮನಸ್ತಾಪದಿಂದ ಹೊರಡುವವರಿಗೆ ದೊಡ್ಡ ಸಭೆ ಮಾಡಿದರೆ ಎರಡೂ ಕಡೆ ಮುಜುಗರ. ಅವರ ತರಗತಿಯಲ್ಲಿ ಇಪ್ಪತ್ತು ನಿಮಿಷ, ಮಕ್ಕಳ ಜೊತೆ ಮಾತ್ರ, ಸಾಕು. ಶಿಸ್ತುಕ್ರಮ ಅಥವಾ ಮಕ್ಕಳ ಸುರಕ್ಷತೆಯ ವಿಚಾರಣೆಯಿಂದ ದೂರವಾದವರಿಗೆ ಬೀಳ್ಕೊಡುಗೆ ಇಲ್ಲ. ಆಗ ಮಕ್ಕಳಿಗೆ ಎಲ್ಲ ಶಿಕ್ಷಕರೂ ಒಂದೇ ವಾಕ್ಯ ಹೇಳಬೇಕು: ‘ಅವರು ಈಗ ಇಲ್ಲಿ ಕೆಲಸ ಮಾಡುತ್ತಿಲ್ಲ, ಇನ್ನು ನಿಮ್ಮ ಜೊತೆ ಇವರಿರುತ್ತಾರೆ, ಏನಾದರೂ ಹೇಳಬೇಕೆನಿಸಿದರೆ ನನ್ನ ಹತ್ತಿರ ಬನ್ನಿ.’ ಕಾರಣದ ಊಹೆಗೆ ಯಾರೂ ಬಾಯಿ ಹಾಕಬಾರದು.

ಹೊಸಬರು ಬರುವ ಮೊದಲು

ಸ್ವಾಗತ ಮತ್ತು ಬೀಳ್ಕೊಡುಗೆಯನ್ನು ಒಂದೇ ವೇದಿಕೆಯಲ್ಲಿ ಇಟ್ಟುಕೊಳ್ಳಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಡೀ ಸಭೆ ಒಬ್ಬರಿಗಾಗಿ ಅಳುತ್ತಿರುವಾಗ ಪಕ್ಕದ ಕುರ್ಚಿಯಲ್ಲಿ ‘ಅವರ ಜಾಗಕ್ಕೆ ಬಂದವರು’ ಎಂದು ಕೂರುವುದು ಹೊಸಬರಿಗೆ ಭಾರ. ಅನಿವಾರ್ಯವಾದರೆ ಸ್ವಾಗತವನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮುಗಿಸಿ, ಬೀಳ್ಕೊಡುಗೆಯನ್ನು ಮಧ್ಯಾಹ್ನಕ್ಕೆ ಇಡಿ.

ಬರುವ ಒಂದು ವಾರ ಮೊದಲು ಅವರಿಗೆ ಎರಡು ಪುಟ ತಲುಪಲಿ. ಮೊದಲ ದಿನ ಎಷ್ಟು ಗಂಟೆಗೆ, ಯಾವ ಗೇಟಿಗೆ ಬರಬೇಕು, ಅಲ್ಲಿ ಕಾಯುವವರ ಹೆಸರೇನು, ಅವಧಿಗಳ ಸಮಯ, ಅವರ ವೇಳಾಪಟ್ಟಿ, ತರಗತಿವಾರು ಮಕ್ಕಳ ಸಂಖ್ಯೆ, ಪಠ್ಯಪುಸ್ತಕ ಎಲ್ಲಿ ಸಿಗುತ್ತದೆ, ತರಬೇಕಾದ ದಾಖಲೆ, ಉಡುಪಿನ ನಿಯಮ ಇದ್ದರೆ ಅದು, ಮಧ್ಯಾಹ್ನದ ಊಟದ ವ್ಯವಸ್ಥೆ, ಶಾಲೆಯ ನಕ್ಷೆ. ನಕ್ಷೆಯಲ್ಲಿ ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಗುರುತಿಸಿ. ಮೊದಲ ದಿನ ಯಾರೂ ಕೇಳಲು ಇಷ್ಟಪಡದ ಪ್ರಶ್ನೆಗಳು ಇವೇ.

ಮೇಜು, ಕುರ್ಚಿ, ಕಪಾಟು ಖಾಲಿ ಮಾಡಿ ಒರೆಸಿಡಿ. ಹಿಂದಿನವರ ಹಳೆ ಕಾಗದ, ಒಣಗಿದ ಪೆನ್ನು ತುಂಬಿದ ಡ್ರಾಯರ್ ಕೊಟ್ಟರೆ ಸ್ವಾಗತದ ಮಾತೆಲ್ಲ ವ್ಯರ್ಥ. ಸೀಮೆಸುಣ್ಣ ಅಥವಾ ಮಾರ್ಕರ್, ಡಸ್ಟರ್, ಕೆಂಪು ಪೆನ್ನು, ಹಾಜರಿ ಪುಸ್ತಕ, ಬೀಗದ ಕೈ, ಲಾಗಿನ್ ವಿವರ ಮೇಜಿನ ಮೇಲಿರಲಿ.

ಒಬ್ಬ ಜೊತೆಗಾರರನ್ನು ನೇಮಿಸಿ. ಅವರು ಹೊಸಬರ ಮೇಲಧಿಕಾರಿ ಆಗಿರಬಾರದು, ತರಗತಿ ಕೋಣೆ ಹತ್ತಿರವಿರಬೇಕು, ಶಾಲೆಯಲ್ಲಿ ಕನಿಷ್ಠ ಎರಡು ವರ್ಷ ಕಳೆದಿರಬೇಕು. ಈ ಕೆಲಸಕ್ಕಾಗಿ ಅವರಿಗೆ ಮೊದಲ ಎರಡು ವಾರ ಒಂದೆರಡು ಅವಧಿ ಬಿಡುವು ಕೊಡಿ. ಬಿಡುವಿಲ್ಲದ ಜೊತೆಗಾರರು ಹೆಸರಿಗಷ್ಟೇ ಜೊತೆಗಾರರು.

ಮೊದಲ ದಿನ, ಮೊದಲ ತಿಂಗಳು

ಜೊತೆಗಾರರು ಗೇಟಿನಲ್ಲೇ ಬರಮಾಡಿಕೊಂಡು ಹತ್ತು ನಿಮಿಷ ಶಾಲೆ ಸುತ್ತಿಸಲಿ. ಪ್ರಾರ್ಥನಾ ಸಭೆಯಲ್ಲಿ ಪರಿಚಯ ಎರಡು ನಿಮಿಷ: ಹೆಸರು, ಕಲಿಸುವ ವಿಷಯ, ಯಾವ ತರಗತಿಗಳು, ಅವರೇ ಹೇಳಲು ಒಪ್ಪಿದ ಒಂದು ಹವ್ಯಾಸ. ಹೆಸರಿನ ಉಚ್ಚಾರವನ್ನು ಅವರ ಬಾಯಿಂದಲೇ ಕೇಳಿಕೊಳ್ಳಿ. ಮುಂಚೆ ತಿಳಿಸದೆ ‘ಈಗ ಎರಡು ಮಾತಾಡಿ’ ಎಂದು ಮೈಕು ಕೊಡುವುದು, ಹಾಡಿಸುವುದು ಬೇಡ. ‘ಇವರು ಅವರ ಸ್ಥಾನ ತುಂಬುತ್ತಾರೆ’ ಎಂಬ ಮಾತಂತೂ ಬೇಡವೇ ಬೇಡ.

ಮೊದಲ ತರಗತಿಗೆ ಮುಖ್ಯ ಶಿಕ್ಷಕರು ಜೊತೆಗೆ ಹೋಗಿ ಒಂದು ನಿಮಿಷ ಪರಿಚಯಿಸಿ ಹೊರಬರಲಿ. ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಮಕ್ಕಳ ಕಣ್ಣು ಅವರ ಕಡೆಗೇ ಇರುತ್ತದೆ, ತರಗತಿ ಹೊಸಬರ ಕೈಗೆ ಬರುವುದಿಲ್ಲ. ಮಕ್ಕಳ ಹೆಸರಿನ ಚೀಟಿ ಮೊದಲ ವಾರ ಬೆಂಚಿನ ಮೇಲಿರಲಿ. ಊಟದ ಹೊತ್ತಿಗೆ ಯಾರ ಜೊತೆ ಕೂರುತ್ತಾರೆ ಎಂಬುದನ್ನು ಜೊತೆಗಾರರು ಮರೆಯದೆ ನೋಡಿಕೊಳ್ಳಲಿ, ಹೊಸ ಜಾಗದಲ್ಲಿ ಒಂಟಿತನ ಕಾಡುವುದು ಆ ಅರ್ಧ ಗಂಟೆಯಲ್ಲಿ.

ಮೊದಲ ವಾರ ಅವರಿಗೆ ಬದಲಿ ಅವಧಿ ಹಾಕಬೇಡಿ. ಹೊಸಬರು ‘ಆಗಲ್ಲ’ ಎನ್ನುವುದಿಲ್ಲ ಎಂಬ ಕಾರಣಕ್ಕೇ ಬದಲಿ ಅವಧಿ, ಫಲಕ ಬರೆಯುವುದು, ಸಾಂಸ್ಕೃತಿಕ ಸಮಿತಿ ಎಲ್ಲವೂ ಅವರ ತಲೆಗೆ ಬರುತ್ತವೆ. ಹೆಚ್ಚುವರಿ ಹೊಣೆಯನ್ನು ಎರಡನೇ ತಿಂಗಳಿಂದ, ಅದೂ ಒಂದೊಂದಾಗಿ ಕೊಡಿ. ಮಕ್ಕಳು ‘ಹಳೆ ಮಿಸ್ ಹೀಗೆ ಮಾಡ್ತಿರಲಿಲ್ಲ’ ಎನ್ನುವುದು ಮೊದಲ ಎರಡು ವಾರ ಸಹಜ. ಅದಕ್ಕೆ ಬೇಸರಪಡದೆ ‘ಅವರು ಹೇಗೆ ಮಾಡ್ತಿದ್ದರು, ತೋರಿಸಿ’ ಎಂದರೆ ಹೊಸಬರಿಗೆ ತರಗತಿಯ ಪದ್ಧತಿ ತಿಳಿಯುತ್ತದೆ, ಮಕ್ಕಳಿಗೂ ತಮ್ಮ ಹಳೆಯ ಟೀಚರನ್ನು ಯಾರೂ ಅಳಿಸುತ್ತಿಲ್ಲ ಎಂಬ ಸಮಾಧಾನ.

ಜೊತೆಗಾರರು ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ಆಮೇಲೆ ತಿಂಗಳ ಕೊನೆಯವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಮಾತಾಡಲಿ. ‘ಎಲ್ಲ ಸರಿ ಇದೆಯಾ?’ ಎಂದು ಕೇಳಿದರೆ ‘ಹೂಂ, ಸರಿ ಇದೆ’ ಎಂದೇ ಉತ್ತರ ಬರುತ್ತದೆ. ‘ಈ ವಾರ ಯಾವ ವಸ್ತು ಹುಡುಕಲು ಹೊತ್ತು ಹೋಯಿತು? ಯಾವ ಮಗುವಿನ ಬಗ್ಗೆ ಇನ್ನೂ ಗೊತ್ತಾಗುತ್ತಿಲ್ಲ?’ ಎಂದು ಕೇಳಿ. ಹಳಬರಿಗೆ ಫೋನು ಮಾಡುವ ಅಗತ್ಯ ಬಂದರೆ ಪ್ರಶ್ನೆಗಳನ್ನು ಕೂಡಿಸಿಟ್ಟು ವಾರಕ್ಕೊಮ್ಮೆ ಮಾಡಿ, ಅದೂ ಮೊದಲ ತಿಂಗಳು ಮಾತ್ರ. ಅವರೂ ಈಗ ಇನ್ನೊಂದು ಕಡೆ ಹೊಸಬರು, ಅಥವಾ ವಿಶ್ರಾಂತಿಯಲ್ಲಿರುವವರು.

ಇದೇ ತಿಂಗಳಲ್ಲಿ ಸೂಚನಾ ಫಲಕ, ವೇಳಾಪಟ್ಟಿ, ಜಾಲತಾಣ, ತುರ್ತು ಸಂಪರ್ಕದ ಪಟ್ಟಿಗಳಲ್ಲಿ ಹೆಸರು ಬದಲಿಸಿ. ತಿಂಗಳು ಮುಗಿದ ಮೇಲೆ ಹೊಸಬರ ಮುಂದೆ ಅದೇ ಹಸ್ತಾಂತರದ ಕಡತ ಇಟ್ಟು, ಇದರಲ್ಲಿ ಏನಿರಬೇಕಿತ್ತು ಏನಿರಲಿಲ್ಲ ಎಂದು ಅಂಚಿನಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಯಾರಾದರೂ ಹೊರಡುವಾಗ ಅವರ ಕೈಗೆ ಕೊಡಬೇಕಾದ ನಮೂನೆ ಅದೇ.